ಎಲ್ಲಾ ಬಲ್ಲ ಬದ್ಲಿ

ಫ್ಯಾಕ್ಟರಿ ಅಂದ್ಮೇಲೆ ಇಂಥವು ನಡೀತಾನೇ ಇರ್ತವೆ ಕಣ್ರೀ. ಅಲ್ಲೇ ನಕ್ರೆ ಕೆಲ್ಸ ಹೋಗುತ್ತೆ ಅಂತ ನಾವು ಮನೇಗ್ ಬಂದು ನಗ್ತಿದ್ವಿ. ಐವತ್ತರ ದಶಕದ ಕೊನೇಲಿ ಯಶವಂತಪುರದ ಒಂದು ಬಣ್ಣದ ಫ್ಯಾಕ್ಟರೀಲಿ ನಾನು ಸ್ಟೋರ್ಸಲ್ಲಿದ್ದೆ. ನಾನ್ ಹೇಳೋದ್ರಲ್ಲಿ ಮುಕ್ಕಾಲು ನಿಜ. ಉಳಿದ ಕಾಲು ಅದಕ್ಕಿಂತ ನಿಜ.

೧. ಮುಚ್ಚಳದವನು

ನಮ್ ಲೇಬರ್ ಆಫೀಸರ್ ಮದರಾಸಲ್ಲಿ ಏನೋ ಟ್ರೈನಿಂಗ್ ಮುಗಿಸ್ಕೊಂಡು ಬಂದವರೇ, ಇನ್ಮೇಲೆ ಯಾರೂ ಒಂದೇ ಕೆಲ್ಸಕ್ಕೆ ಅಂಟ್ಕೊಂಡಿರ್ಬಾರ್ದು, ಎಲ್ರಿಗೂ ಎಲ್ಲಾ ಬರ್ಬೇಕು ಅಂದ್ರು. ನಾವು ಭಕ್ತಿಯಿಂದ ತಲೆ ಆಡಿಸಿ, ನಮ್ ನಮ್ ಜಾಗಕ್ಕೆ ಹೋಗಿ ಅಂಟ್ಕೊಂಡ್ವಿ.

ನಂಬಿದವನು ಒಬ್ನೇ. ಕೊಡಿಗೇಹಳ್ಳಿಯಿಂದ ಸೈಕಲ್ ತುಳ್ಕೊಂಡು ಬರ್ತಿದ್ದ ಬದ್ಲಿ. ಯಾರು ರಜ ಹಾಕಿದ್ರೂ ಅವರ ಜಾಗಕ್ಕೆ ಇವನು. ಪರ್ಮನೆಂಟ್ ಆದ್ರೆ ಮಗಳನ್ನ ಕೊಡ್ತೀನಿ ಅಂತ ಚಿಕ್ಕಬಾಣಾವರದ ಸೋದರಮಾವ ಮಾತು ಕೊಟ್ಟಿದ್ದ. ಅದಕ್ಕೇ ಇವನು ಬಣ್ಣ ಅರೆಯೋದು, ಕಲಸೋದು, ಡಬ್ಬಿ ತುಂಬೋದು, ಕ್ಯಾಂಟೀನಲ್ಲಿ ಉಪ್ಪಿಟ್ಟು ಕೆದಕೋದು, ಎಲ್ಲಾ ಕಲ್ತ.

ಪರ್ಮನೆಂಟ್ ಆಗಿದ್ದು ಡಬ್ಬಿಗೆ ಮುಚ್ಚಳ ಹೊಡೆಯೋನು. ಬದ್ಲಿ ಹೋಗಿ ಕೇಳಿದ. ಆಫೀಸರ್ ಬೆನ್ನು ತಟ್ಟಿ, "ಅವನಿಗೆ ಮುಚ್ಚಳ ಬಿಟ್ರೆ ಏನೂ ಬರಲ್ಲ, ಎಲ್ಲಿಗ್ ಕಳಿಸ್ಲಿ? ನೀನು ಬಂಗಾರ ಕಣಯ್ಯ. ನಿನ್ನ ಒಂದ್ ಕಡೆ ಕೂರಿಸಿದ್ರೆ ಕಂಪನಿಗೇ ನಷ್ಟ" ಅಂದ್ರು.

ಬಂಗಾರ ವಾಪಸ್ ಉಪ್ಪಿಟ್ಟು ಕೆದಕೋಕೆ ಹೋಯ್ತು.

೨. ಒಂದೇ ಮನೆಯವರು

ಬೊಂಬಾಯಿಂದ ಧಣಿ ಬಂದ್ರು. ಅವತ್ತೇ ಕಡಲೆಕಾಯಿ ಪರಿಷೆ ನೆಪದಲ್ಲಿ ಅರ್ಧ ಜನ ರಜ. ಧಣಿ ಅರೆಯೋ ಕಡೆ ಹೋದ್ರೆ ಅಲ್ಲಿ ಬದ್ಲಿ. ತಿರುಗಿ ಕಲಸೋ ಕಡೆ ಬರೋದ್ರೊಳಗೆ ಹಿಂದಿನ ಬಾಗಿಲಿಂದ ಓಡಿ ಬಂದು ಅಲ್ಲೂ ಬದ್ಲಿ. ಕ್ಯಾಂಟೀನಲ್ಲಿ ಕಾಫಿ ಕೊಟ್ಟವನೂ ಅವನೇ, ಮುಖದ್ ತುಂಬ ಹಸಿರು ಬಣ್ಣ.

ಧಣಿ ಮೆಲ್ಲಗೆ, ಇವರೆಲ್ಲ ಒಂದೇ ಮನೆಯವರಾ ಅಂತ ಕೇಳಿದ್ರು. ಆಫೀಸರ್ ಕಣ್ಣು ಮಿಟುಕಿಸದೇ, ಹೌದು ಸಾರ್, ಅಣ್ಣತಮ್ಮಂದಿರು, ಭಾರಿ ಒಗ್ಗಟ್ಟು ಅಂದ್ರು. ಧಣಿಗೆ ಸಂತೋಷ ಆಗಿ ಅಣ್ಣತಮ್ಮಂದಿರಿಗೆಲ್ಲ ಒಂದೊಂದು ಡಬ್ಬಿ ಮೈಸೂರ್‌ಪಾಕ್ ಕೊಡ್ಸಿದ್ರು.

ಬದ್ಲಿಗೆ ಒಂದು ಡಬ್ಬಿ ಸಿಕ್ತು. ಅವನ ಅಣ್ಣತಮ್ಮಂದಿರ ಪಾಲು ಆಫೀಸರ್ ಕಾರಲ್ಲಿ ಹೋಯ್ತು.

೩. ನಾನೇ

ಆಮೇಲೆ ಆರ್ಡರ್ ಕಮ್ಮಿ ಆಯ್ತು. ಬದ್ಲಿ ಜನಾನ ತೆಗೀರಿ ಅಂತ ಬೊಂಬಾಯಿಂದ ಹುಕುಂ. ಇದ್ದಿದ್ದೇ ಒಬ್ಬ ಬದ್ಲಿ. ಆಫೀಸರ್, ಇಂಥ ಪಾಪದ ಕೆಲ್ಸ ನನ್ ಕೈಲಿ ಆಗಲ್ಲ ಅಂತ ರಜ ಹಾಕಿದ್ರು. ರಜ ಹಾಕಿದವರ ಜಾಗಕ್ಕೆ ಯಾರು? ಅವನೇ. ಆಫೀಸರ್ ಕುರ್ಚೀಲಿ ಕೂತ್ಕೊಂಡು, ತನ್ನನ್ನೇ ಕರೆಸ್ಕೊಂಡು, ಎದ್ ನಿಂತು ಕೈ ಮುಗಿದು, ಮತ್ತೆ ಕೂತು, ನಾಳೆಯಿಂದ ಬರ್ಬೇಡ ಅಂದ.

ಮಾರನೇ ದಿನ ಗೇಟಿನ ವಾಚ್‌ಮನ್‌ಗೆ ಜ್ವರ. ಇವತ್ತೊಂದಿನ ನಿಂತ್ಕೋ ಮಗಾ ಅಂತ, ಬಾಕಿ ಸಂಬಳ ಕೇಳೋಕೆ ಬಂದ ಇವನಿಗೇ ಖಾಕಿ ಹಾಕಿದ್ರು. ಕೆಲ್ಸದಿಂದ ತೆಗೆದವರನ್ನ ಒಳಗೆ ಬಿಡ್ಬಾರ್ದು ಅಂತ ರೂಲು. ಪ್ರಾಮಾಣಿಕ ಮನುಷ್ಯ, ದಿನವೆಲ್ಲ ಗೇಟಿನ ಆಚೇನೇ ನಿಂತಿದ್ದ.

ಅಷ್ಟೊತ್ತಿಗೆ ಸೋದರಮಾವ ಹಣ್ಣುಕಾಯಿ ಹಿಡ್ಕೊಂಡು ಬಂದ.

"ಏನ್ಲಾ, ಆಪೀಸರ್ ಕುರ್ಚೀಲ್ ಕುಂತಿದ್ದೆ ಅಂದ್ರು?"

"ಕೂತಿದ್ದೆ ಮಾವ, ನಿನ್ನೆ. ಇವತ್ತು ಕೆಲ್ಸಾನೇ ಇಲ್ಲ."

"ಯಾರ್ಲಾ ತೆಗ್ದೋರು?"

"ನಾನೇ."

ಮಾವ ಅವನ ಕೈ ಹಿಡ್ದು ಎಳ್ದ. "ನಡಿ, ಒಳಿಕ್ಕೋಗಿ ಕೇಳಾನ."

"ಒಳಗೆ ಬಿಡಲ್ಲ ಮಾವ."

"ಯಾವನ್ಲಾ ಬಿಡದೋನು?"

"ನಾನೇ."

ಮಾವ ತೆಂಗಿನಕಾಯಿನ ವಾಪಸ್ ಚೀಲಕ್ಕೆ ಹಾಕ್ಕೊಂಡ. ಮಗಳನ್ನ ಮುಚ್ಚಳ ಹೊಡೆಯೋನಿಗೆ ಕೊಟ್ಟ. ಎಷ್ಟಂದ್ರೂ ಪರ್ಮನೆಂಟು.

ಮದುವೆ ದಿನ ಅಡುಗೆಯವನು ಕೈಕೊಟ್ಟ. ಉಪ್ಪಿಟ್ಟು ಮಾತ್ರ ಬಲು ಚೆನ್ನಾಗಿತ್ತು ಕಣ್ರೀ. ಯಾರ್ ಮಾಡಿದ್ದು ಅಂತ ಕೇಳ್ಬೇಡಿ.