ವಕ್ಕಲೇರಿ ಕಬಡ್ಡಿಗೆ ಐದು ಮಕ್ಕಳು

ರೇಷ್ಮೆ ಇಲಾಖೆಯ ಕೋದಂಡರಾಮಪ್ಪ ಹುಳುವಿನ ತಟ್ಟೆಯ ಮೇಲೆ ಬಗ್ಗಿಕೊಂಡೇ, "ಭಾನುವಾರ ವಕ್ಕಲೇರೀಲಿ ಕಬಡ್ಡಿ ಇದೆ, ನಾನೂ ಆಡ್ತೀನಿ. ಮನೆಮಂದಿಯೆಲ್ಲ ಬನ್ನಿ" ಅಂದ. ಅಂದದ್ದು ಹುಳು ಸಾಕುವ ರಾಮಚಂದ್ರಪ್ಪನಿಗೆ. ಎದೆ ಹಾರಿದ್ದು ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದ ಅವನ ತಂಗಿ ಆದಿಲಕ್ಷ್ಮಿಗೆ.

ಬಿ.ಎ. ಮುಗಿಸಿ ಸುಗಟೂರಿನ ಮನೆಯಲ್ಲಿ ಕೂತವಳಿಗೆ ವಾರವೆಂದರೆ ಶುಕ್ರವಾರ ಒಂದೇ. ನಾಲ್ಕು ತಿಂಗಳಿಂದ ಪ್ರತಿ ಶುಕ್ರವಾರ ಕೋದಂಡರಾಮಪ್ಪ ಬಂದು, "ಹುಳು ಎಷ್ಟನೇ ಜ್ವರದಲ್ಲಿವೆ?" ಎಂದು ಕೇಳಿ ಹೋಗುತ್ತಿದ್ದ. ಪೊರೆ ಕಳಚುವ ಮೊದಲು ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ಸಾಕುವವರು ಜ್ವರ ಅನ್ನುತ್ತಾರೆ. ಊಟ ಬಿಟ್ಟು, ತಲೆಯೆತ್ತಿ ದಾರಿ ನೋಡುತ್ತ ಕೂತ ಇವಳಿಗೆ ಎಷ್ಟನೇ ಜ್ವರವೆಂದು ಅವನು ಕೇಳಿರಲಿಲ್ಲ. ಆ ಮುಖವನ್ನು ಒಮ್ಮೆ ನೆಟ್ಟಗೆ, ಕಣ್ತುಂಬ ನೋಡಬೇಕು. ಅವಳಿಗಿದ್ದ ಆಸೆ ಅಷ್ಟೇ. ಮನೆಯಲ್ಲಿ ತಲೆಯೆತ್ತಿದರೆ ಎದುರಿಗೆ ಅತ್ತಿಗೆ. ಕಬಡ್ಡಿಯಲ್ಲಾದರೆ ನೋಡುವುದೇ ಕೆಲಸವಲ್ಲವೇ!

ವಯಸ್ಸಿಗೆ ಬಂದ ಹುಡುಗಿ ಕಬಡ್ಡಿ ನೋಡಲು ಹೊರಟರೆ ಊರು ಸುಮ್ಮನಿರುವುದಿಲ್ಲ. ಕಂಕುಳಲ್ಲೊಂದು ಮಗುವಿದ್ದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. "ಮಕ್ಕಳಿಗೆ ಆಟ ತೋರಿಸ್ಕೊಂಡು ಬರೋಣ ಅಣ್ಣಾ" ಅಂದಳು.

ಭಾನುವಾರ ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳೊಂದಿಗೆ ಬಸ್ಸಿಗೆ ನಿಂತಿದ್ದಾಗ ಎದುರುಮನೆ ಚಿಕ್ಕಗಂಗಮ್ಮ ಓಡಿಬಂದಳು.

"ಏಮೇ ಲಕ್ಷ್ಮೀ, ಮಕ್ಕಳನ್ನ ಆಟಕ್ಕೆ ಕರ್ಕೊಂಡು ಹೋಗ್ತಿದೀಯಂತೆ. ನಮ್ಮವೆರಡು ಏನು ಪಾಪ ಮಾಡಿದ್ವು?"

ಪಕ್ಕದ ಮನೆ ಬೈರಮ್ಮನಂತೂ ಕೇಳಲೇ ಇಲ್ಲ. ಬಸ್ಸಿನ ಕಿಟಕಿಯಿಂದ ಮೊಮ್ಮಗನನ್ನು ಒಳಗೆ ತಳ್ಳಿ, "ಇನ್ನೊಂದು ಚಡ್ಡಿ ಅವನ ಜೇಬಲ್ಲೇ ಇದೆ ಕಣೇ!" ಎಂದು ಕೂಗಿದಳು.

ವಕ್ಕಲೇರಿ ಅತ್ತಿಗೆ ಶಾಮಲಮ್ಮನ ತವರು. ಇಳಿಯುತ್ತಿದ್ದಂತೆ ಯಾರೋ ಚಿಕ್ಕಮ್ಮ ಸಿಕ್ಕಳು. "ಈಗ ಬಂದೆ ಇರೇ" ಎಂದು ಹೋದ ಅತ್ತಿಗೆಯ ಸುಳಿವೇ ಇಲ್ಲ. ಅಣ್ಣ ಗಂಡಸರ ನಡುವೆ ಸೇರಿಕೊಂಡ. ಐದು ಮಕ್ಕಳೂ ಆದಿಲಕ್ಷ್ಮಿಯ ಪಾಲಿಗೆ. ಮುದ್ದೆಗಿಟ್ಟ ಎಸರಿನ ಗುಳ್ಳೆಗಳಂತೆ ಒಂದು ಕೂತರೆ ಇನ್ನೊಂದು ಏಳುತ್ತಿತ್ತು.

"ಅತ್ತೇ, ಒಂದಕ್ಕೆ!"

ಪೊದೆಯ ಮರೆಗೆ ಕರೆದೊಯ್ದಳು. ಹಿಂದೆ 'ಹೋ' ಎಂಬ ಕೂಗು. ಕೋದಂಡರಾಮಪ್ಪ ಇಬ್ಬರನ್ನು ಔಟ್ ಮಾಡಿದ್ದ. ಬಂದು ಕೂತಳು.

"ಅತ್ತೇ, ಇವನಿಗೂ ಒಂದಕ್ಕೆ!"

"ಆಗ್ಲೇ ಹೋಗೋಕೇನಾಗಿತ್ತೋ?"

"ಆಗ ಬಂದಿರ್ಲಿಲ್ಲ."

ಮತ್ತೆ ಪೊದೆ, ಮತ್ತೆ 'ಹೋ'. ಒಂದು ಸಲ ಅವನ ಮೊಣಕೈ ಕಂಡಿತು, ಇನ್ನೊಂದು ಸಲ ಬೆನ್ನು. ಮುಖ ಮಾತ್ರ ಯಾವಾಗಲೂ ಆ ಕಡೆಗೆ.

ಅವನು "ಕಬಡ್ಡಿ, ಕಬಡ್ಡಿ" ಎನ್ನುತ್ತ ಮತ್ತೆ ನುಗ್ಗಿದಾಗ, ಈ ಸಲ ಯಾರು ಅತ್ತರೂ ಸರಿಯೇ ಎಂದು ಕತ್ತೆತ್ತಿದಳು. ನಾಲ್ವರು ಅವನ ಕಾಲಿಗೆ ಜೋತುಬಿದ್ದಿದ್ದರು. ಅವನು ಜಿಗಣೆಯಂತೆ ಮೈ ಉದ್ದಮಾಡಿ ನಡುಗೆರೆಗೆ ಕೈ ಚಾಚಿದ.

"ಗೆರೆ ಮುಟ್ಟಿದೀನಿ!"

"ಎಲ್ಲಯ್ಯಾ ಗೆರೆ?"

"ಅಲ್ನೋಡಿ, ಆ ಮಗು ತಲೆ ಮೇಲಿದೆ!"

ಬೈರಮ್ಮನ ಮೊಮ್ಮಗ ಯಾವಾಗ ನುಸುಳಿದ್ದನೋ, ಗೆರೆಯ ಬಿಳಿಪುಡಿಯನ್ನು ಬಾಚಿ ಬಾಚಿ ತಲೆಗೆ ಸುರಿದುಕೊಳ್ಳುತ್ತಿದ್ದ. ಎರಡೂ ಕಡೆಯವರು ಜಗಳಕ್ಕೆ ತೋಳೇರಿಸಿದರು. ಧ್ವನಿವರ್ಧಕ ಗೊರಗೊರ ಎಂದಿತು: "ನಡುಗೆರೆಯನ್ನು ತಲೆ ಮೇಲೆ ಹೊತ್ತಿರುವ ಮಗುವಿನ ತಾಯಿ ಎಲ್ಲಿದ್ದರೂ ಬರಬೇಕು!"

ಮದುವೆಯಾಗದ ಆದಿಲಕ್ಷ್ಮಿ, ಉಳಿದ ನಾಲ್ವರನ್ನು ಹಿಂದೆ ಕಟ್ಟಿಕೊಂಡು, ಸಾವಿರ ಕಣ್ಣುಗಳ ಮುಂದೆ ತಾಯಿಯಾಗಿ ನಡೆದು ಹೋದಳು. ಮೇಷ್ಟ್ರೊಬ್ಬರು ಹೊಸ ಗೆರೆ ಎಳೆಯುತ್ತಿದ್ದರು. ಮಗುವನ್ನು ಎತ್ತಿ ತಂದುಕೊಟ್ಟವನು ಕೋದಂಡರಾಮಪ್ಪನೇ. ಅವಳು ನೆಲ ನೋಡಿದಳು.

"ಇಷ್ಟೂ ಮಕ್ಕಳನ್ನ ಒಬ್ಬರೇ ನೋಡ್ಕೊಳ್ತಿದೀರಾ?"

ಹುಳುವಿನ ವಿಷಯ ಬಿಟ್ಟು ಅವನು ಆಡಿದ ಮೊದಲ ಮಾತು! "ಹ್ಞೂಂ" ಅಂದಳು.

"ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಆಗ್ಲಿಂದ ನೋಡ್ತಾನೇ ಇದೀನಿ. ಸಂಕೋಚ."

ಆಗಲಿಂದ ನೋಡುತ್ತಿದ್ದಾನೆ! ಆದಿಲಕ್ಷ್ಮಿ ಸೆರಗಿನಿಂದ ಮಗುವಿನ ತಲೆಯ ಬಿಳಿಪುಡಿ ಒರೆಸತೊಡಗಿದಳು. "ಕೇಳಿ" ಅಂದಳು.

ಅವನು ತಿರುಗಿ ಕೈಬೀಸಿದ. ಹಸಿರು ಸೀರೆಯ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಓಡೋಡಿ ಬಂದಳು.

"ನಮ್ಮನೆಯವಳು. ಬಾಣಂತನ ಮುಗಿಸ್ಕೊಂಡು ಮೊನ್ನೆ ತಾನೆ ಶ್ರೀನಿವಾಸಪುರದಿಂದ ಬಂದ್ಲು. ನಾನು ಆಡೋದನ್ನ ಒಂದ್ಸಲನೂ ನೋಡಿಲ್ಲ ಪಾಪ, ಇದು ಬಿಡಲ್ಲ. ಹೆಂಗೂ ಐದು ಜನ ಇದಾರೆ, ಇದನ್ನೂ ಅರ್ಧ ಗಂಟೆ ಹಿಡ್ಕೊಳ್ತೀರಾ, ಸಿಸ್ಟರ್?"

ಕೂಸು ಅವಳ ಕೈಗೆ ಬಂದಾಗಿತ್ತು.

ಜನರ ಕಡೆ ಮುಖ ಮಾಡಿದರೆ ಅದು ಕಿರುಚುತ್ತಿತ್ತು. ಆದಿಲಕ್ಷ್ಮಿ ಆಟಕ್ಕೆ ಬೆನ್ನು ತಿರುಗಿಸಿ ಕೂತಳು. ಹಿಂದೆ ಕೂಗಿನ ಮೇಲೆ ಕೂಗು, ಎಲ್ಲರಿಗಿಂತ ಜೋರಾಗಿ ಒಬ್ಬಳ ಬಳೆಗಳ ಚಪ್ಪಾಳೆ. ಮಡಿಲಲ್ಲಿ ಅವನದೇ ಹುಬ್ಬು, ಅವನದೇ ಗಲ್ಲದ ಗುಳಿ. ಈಗ ಯಾರಿಗೂ ಹೆದರಬೇಕಾಗಿರಲಿಲ್ಲ. ಕಣ್ಣು ತುಂಬಿ ಬರುವ ತನಕ ನೋಡಿದಳು. ಕೂಸೂ ರೆಪ್ಪೆ ಬಡಿಯದೆ ನೋಡಿತು, ಬೊಚ್ಚುಬಾಯಿ ಬಿಟ್ಟು ನಕ್ಕಿತು. ಆಮೇಲೆ ಮೆಲ್ಲಗೆ ಅವಳ ಹೊಸ ಸೀರೆ ಬೆಚ್ಚಗಾಯಿತು.