ದಹಿಸರಿನ ಔಷಧಿವನ

ಜಾನುವಾರುಗಳ ಹೊಟ್ಟೆಯಲ್ಲಿರುವ ಹುಳುಗಳು ಕಚೇರಿಯ ಪೂರ್ವಾನುಮತಿಯಿಲ್ಲದೆ ಸಾಯತಕ್ಕದ್ದಲ್ಲವೆಂಬ ನಿಯಮ ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ ಜಾರಿಯಲ್ಲಿತ್ತು. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಮುಂಬಯಿಯ ಅಂಚಿನ ದಹಿಸರಿನಲ್ಲಿದ್ದ ಗುರಲಿಂಗಪ್ಪನಿಗೆ ಇದ್ದದ್ದು ಒಂದೇ ಎಮ್ಮೆ. ಅದರ ಹಾಲು ಸ್ಟೇಷನ್ ಪಕ್ಕದ ಪೂವಪ್ಪನ ಹೋಟೆಲಿಗೆ ಹೋದರೆ ಇವನ ಮನೆಯ ಒಲೆ ಉರಿಯಬೇಕು. ಮೂಲಿಕಾ ಜಂತುನಾಶ ಅಭಿಯಾನದವರು ಬಂದು ಎಮ್ಮೆಗೆ ಹುಳುವಿದೆ ಎಂದು ಬರೆದುಕೊಂಡರು. ಗುಣವಾಯಿತೆಂದು ಕಚೇರಿ ಹೇಳುವವರೆಗೆ ಹಾಲಿನ ಮಾರಾಟ ಬಂದ್. ಔಷಧಕ್ಕಾಗಿ ಒಂದು ವನವೇ ಮಂಜೂರಾಗಿತ್ತು, ಜಾಗ ಮಾತ್ರ ಆಗಿರಲಿಲ್ಲ. ಆದ್ದರಿಂದ ನೆಲಬೇವು, ಮುತ್ತುಗ, ಆಡುಸೋಗೆಯ ಸಸಿಗಳನ್ನು ತಾತ್ಕಾಲಿಕವಾಗಿ ಎಮ್ಮೆಯ ಮುಂದೆಯೇ ಇಳಿಸಿ, ಮುಟ್ಟಬಾರದೆಂದು ಮರಾಠಿಯಲ್ಲಿ ರಟ್ಟಿನ ಬೋರ್ಡು ನೆಟ್ಟರು. ಎಮ್ಮೆ ವಿಜಾಪುರದ ಕಡೆಯದು. ಬೆಳಗಾಗುವಷ್ಟರಲ್ಲಿ ವನವನ್ನೂ ಬೋರ್ಡನ್ನೂ ನುಂಗಿ ನೀರು ಕುಡಿದಿತ್ತು.

ಹುಳುಗಳೆಲ್ಲ ಸಗಣಿಯಲ್ಲಿ ಬಿದ್ದುಹೋದವು. ಗುರಲಿಂಗಪ್ಪ ಅಭಿಯಾನದ ಗೋರೆಗಾಂವ್ ಕಚೇರಿಗೆ ಓಡಿ, ಅಧಿಕಾರಿ ಸದಾನಂದರನ್ನು ಕರೆತಂದ.

"ಎಮ್ಮಿ ಅರಾಮ ಆಗೇತ್ರಿ ಸಾಹೇಬ್ರ. ಇನ್ನರ ಹಾಲ್ ಮಾರಾಕ ಬಿಡ್ರಿ, ಮಕ್ಕಳು ಉಪಾಸ ಅದಾವ."

"ಅದು ಹೇಗೆ ಆಗ್ತದೆ ಮಾರಾಯ್ರೆ? ವನದ ಉದ್ಘಾಟನೆಯೇ ಆಗಲಿಲ್ಲ. ಮೊದಲೇ ಗುಣ ಆದ್ರೆ ಅದನ್ನು ಗುಣ ಅಂತ ಹೇಳ್ಲಿಕ್ಕೆ ಬರುದಿಲ್ಲ. ವನ ಎಲ್ಲುಂಟು?"

"ಎಮ್ಮಿ ಹೊಟ್ಯಾಗ ಐತ್ರಿ."

ಸದಾನಂದರು ಎಮ್ಮೆಗೆ ಒಂದು ಸುತ್ತು ಬಂದರು. ಮರುದಿನವೇ ವನದ ಉದ್ಘಾಟನೆಗೆ ಮಂತ್ರಿಗಳ ಆಗಮನ; ಪೆಂಡಾಲೂ ಎದ್ದಿತ್ತು. "ಹಾಗಾದ್ರೆ ವನ ಇಲ್ಲೇ ಉಂಟಲ್ಲ!" ಎಂದು ನೆಮ್ಮದಿಯ ಉಸಿರು ಬಿಟ್ಟರು.

ಸಂಜೆಯೊಳಗೆ ಪ್ರಕಟಣೆ ಹೊರಟಿತು: "ಸದರಿ ಎಮ್ಮೆಯನ್ನು ಇಂದಿನಿಂದ ಔಷಧಿವನವೆಂದು ಭಾವಿಸತಕ್ಕದ್ದು. ವನದೊಳಗೆ ದನ ಮೇಯಿಸುವುದನ್ನೂ ಚಪ್ಪಲಿ ಹಾಕಿ ತಿರುಗುವುದನ್ನೂ ನಿಷೇಧಿಸಲಾಗಿದೆ."

ಮಂತ್ರಿಗಳು ರಿಬ್ಬನ್ ಕತ್ತರಿಸಿ ವನಕ್ಕೆ ನೀರೆರೆದರು. ವನ ಬಾಲ ಬೀಸಿತು. ಜನ ಚಪ್ಪಾಳೆ ತಟ್ಟಿದರು.

"ಹಾಲಿಂದೇನ್ರಿ?" ಗುರಲಿಂಗಪ್ಪ ಖಾಲಿ ಕ್ಯಾನು ಹಿಡಿದು ಸದಾನಂದರನ್ನು ಕೇಳಿದ.

"ವನದಲ್ಲಿ ಹಾಲು ಎಲ್ಲಿಂದ ಬರ್ಬೇಕು? ಬರುದು ಕಷಾಯ. ಅದಕ್ಕೆ ಅಡ್ಡಿಯಿಲ್ಲ."

ಅಂದೇ ಕ್ಯಾನನ್ನು ಸೈಕಲ್ಲಿಗೆ ಕಟ್ಟಿ ಗುರಲಿಂಗಪ್ಪ ಹೋಟೆಲಿಗೆ ಕಷಾಯ ಹಾಕಿ ಬಂದ. ಮಕ್ಕಳು ಹೊಟ್ಟೆ ತುಂಬ ಉಂಡವು, ಅವನಿಗೆ ಅಳುವೇ ಬಂತು. ಪೂವಪ್ಪನ ಗಿರಾಕಿಗಳು ಈಗಲೂ ಗಟ್ಟಿ ಕಷಾಯದ ಚಹಾ ಅಂತಲೇ ಕೇಳುತ್ತಾರೆ.

ಮಳೆಗಾಲದಲ್ಲಿ ಎಮ್ಮೆಯ ಹೊಟ್ಟೆಯಲ್ಲಿ ಮತ್ತೆ ಹುಳುಗಳಾದವು.

"ವನ ಅಂದ ಮೇಲೆ ಹುಳ ಇಲ್ಲದೆ ಇರ್ತದಾ?" ಎಂದ ಸದಾನಂದರು ಒಬ್ಬ ಮಾಲಿಯನ್ನು ನೇಮಿಸಿದರು. ಮಾಲಿ ಕತ್ತರಿ ಹಿಡಿದು ಎಮ್ಮೆಯ ಮುಂದೆ ನಿಂತ. ಇದು ಎಮ್ಮೆ ಅಂದರೆ ಕಷಾಯ ಬಂದಾದೀತೆಂದು ಗುರಲಿಂಗಪ್ಪ ಆ ಮಾತೆತ್ತಲಿಲ್ಲ; ಕೊಂಬಿನ ಕಡೆ ಕೈ ತೋರಿಸಿ, "ಅಲ್ಲಿ ಹುಷಾರ್ರಿ, ಮುಳ್ಳ ಅದಾವ," ಎಂದ.