ಐದು ಕಡಲೆ ಕಾಳಿಗೆ ಮೂವರ ನೀರು

ಬೀಜ, ಬಿತ್ತನೆ, ಮೊಳಕೆ ಈ ವಿಷಯಗಳಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳಾದರೂ ತಿಕೋಟಾದ ಎರೆಹೊಲದಲ್ಲಿ ನಲವತ್ತು ವರ್ಷ ಕಡಲೆ ಬಿತ್ತಿದ್ದೇನೆ. ಆದ್ದರಿಂದ ಮೊಮ್ಮಗಳು ದಾನು ಒಂದು ಗಾಜಿನ ಲೋಟದಲ್ಲಿ ಒದ್ದೆ ಅರಳೆ, ಅದರ ಮೇಲೆ ಐದು ಕಡಲೆ ಕಾಳು ಇಟ್ಟುಕೊಂಡು ಬಂದಾಗ, ಇದು ನನ್ನ ಎಡಗೈ ಕೆಲಸ ಅಂದುಕೊಂಡೆ.

ದಾನು ನಮ್ಮ ಮನೆಯಿಂದಲೇ ದಿನಾ ಬಸ್ಸಿನಲ್ಲಿ ವಿಜಯಪುರದ ಶಾಲೆಗೆ ಹೋಗುತ್ತಾಳೆ, ಎರಡನೆಯ ತರಗತಿ. ಬಂಗಾರದಂಥ ಹುಡುಗಿ, ಮರೆವೊಂದು ಬಿಟ್ಟರೆ! ಅವಳ ಪೆನ್ಸಿಲ್, ಸ್ವೆಟರ್, ನೀರಿನ ಬಾಟಲಿ ಎಲ್ಲವೂ ಶಾಲೆಯಲ್ಲೇ ಕಾಯಂ ವಾಸ. ಒಮ್ಮೆ ಬೇರೆಯವರ ಚೀಲ ಹೊತ್ತು ತಂದು, ಅವರ ನೋಟ್‌ಬುಕ್ಕಿನಲ್ಲೇ ಹೋಮ್‌ವರ್ಕ್ ಬರೆದಿದ್ದಳು. ಇಂಥವಳಿಗೆ ಶಾಲೆಯ ಗಂಟೆ ಬಾರಿಸುವ ಆಸೆ!

"ಎಂಟ ದಿನ ನಾನೊಬ್ಬಾಕಿನೇ ನೀರ ಹಾಕಿ ಮೊಳಕಿ ಬರಿಸಿದ್ರ, ಟೀಚರು ಗಂಟಿ ಬಾರ್ಸಾಕ ಕೊಡ್ತಾರ. ನೀ ಮುಟ್ಟಬ್ಯಾಡ ಆಯಿ!"

"ಮುಟ್ಟಂಗಿಲ್ಲವ್ವಾ," ಅಂದೆ.

"ಈಕಿ ಕೈಯಾಗ ಗಂಟಿ ಕೊಟ್ರ ಸಾಲಿ ಬಿಡೂದ ಇಲ್ಲ," ಎಂದು ಯಜಮಾನರು ನಕ್ಕರು.

ಮರುದಿನವೇ ಮುಟ್ಟಿದೆ. ಮರೆಗುಳಿ ಹುಡುಗಿ, ನೀರು ಹಾಕಿರಲಾರಳು ಎಂಬ ಅನುಮಾನ. ದಿನಾ ಮಧ್ಯಾಹ್ನ ಗುಟ್ಟಾಗಿ ಒಂದಿಷ್ಟು ನೀರು ಸುರಿದೆ. ಎಂಟನೆಯ ದಿನ ಬೆಳಿಗ್ಗೆ, ದಾನು ಸ್ನಾನಕ್ಕೆ ಹೋದಾಗ ನೋಡುತ್ತೇನೆ: ಕಾಳು ಕೊಳೆತು ನಾರುತ್ತಿವೆ!

"ನೀವೂ ನೀರ ಹಾಕೀರೇನ್ರಿ?" ಯಜಮಾನರನ್ನು ಕೇಳಿದೆ.

"ಸಂಜಿಗೊಮ್ಮಿ, ತಂಬಗಿಲೆ ಒಂದೀಟ. ಯಾಕ, ನೀನೂ ಹಾಕೀದೇನ?"

ದಾನು ಬೆಳಿಗ್ಗೆ, ನಾನು ಮಧ್ಯಾಹ್ನ, ಅವರು ಸಂಜೆ. ಹೊಲದಲ್ಲಿ ಬರೀ ಮಂಜು ಕುಡಿದು ಬೆಳೆಯುವ ಕಡಲೆಯನ್ನು ಇಬ್ಬರು ಅನುಭವಿ ರೈತರು ಸೇರಿ ಮುಳುಗಿಸಿ ಕೊಂದಿದ್ದೆವು!

ಅಡುಗೆಮನೆಯಲ್ಲಿ ಪಲ್ಯಕ್ಕೆಂದು ಬಟ್ಟೆಯಲ್ಲಿ ಕಟ್ಟಿಟ್ಟ, ಹೆಸರುಕಾಳಿನಷ್ಟು ಸಣ್ಣ ಮಡಕಿ ಕಾಳು ಚೆನ್ನಾಗಿ ಮೊಳೆತಿತ್ತು. ಕೊಳೆತದ್ದನ್ನು ಚೆಲ್ಲಿ ಅದನ್ನೇ ಲೋಟಕ್ಕೆ ಹಾಕಿದೆ. ಐದೇ ಹಾಕಬಹುದಿತ್ತು. ಆದರೆ ನನ್ನ ಕೈಗೆ ಎಣಿಕೆ ಗೊತ್ತಿಲ್ಲ, ಬೊಗಸೆ ಗೊತ್ತು! "ಬಸ್ಸಿನಾಗ ಧೂಳ ಬಡೀತದ," ಎಂದು ಬಾಯಿಗೆ ಬಟ್ಟೆ ಕಟ್ಟಿ ಕಳಿಸಿದೆ.

ಸಂಜೆ ದಾನು ಅಳುತ್ತ ಬಂದಳು.

"ಕಡ್ಲಿ ಇಟ್ಟಿದ್ದೆ ಆಯಿ, ಮಡಕಿ ಆಗ್ಯಾವ! ಹುಡುಗ್ರೆಲ್ಲಾ 'ಪಲ್ಯಾ, ಪಲ್ಯಾ' ಅಂತ ನಕ್ರು. ನಾ ಮರತು, ಸುಳ್ಳ ತಂದೇನಂತ. ನಾ ಒಂದ ದಿನಾನೂ ಮರತಿಲ್ಲಾ!"

ಹೌದು. ಆ ಎಂಟು ದಿನ ಅವಳು ಏನನ್ನೂ ಮರೆತಿರಲಿಲ್ಲ. ನಾನು ಕೊಟ್ಟ ಮಾತನ್ನೇ ಮರೆತಿದ್ದೆ.

ಮರುದಿನ ಅವಳ ಜೊತೆ ಶಾಲೆಗೆ ಹೋಗಿ, ಇಡೀ ತರಗತಿಯ ಮುಂದೆ ಕೈಕಟ್ಟಿ ನಿಂತೆ.

"ತಪ್ಪ ನಂದ್ರೀ ಟೀಚರ. ಹುಡುಗಿದಲ್ಲ. ನಾವ ಮುದುಕ್ರಿಬ್ರೂ ನೀರ ಸುರದ ಕೊಳಸೀವಿ, ಮಡಕಿ ನಾ ಹಾಕೀನಿ."

ಟೀಚರು ನಗು ತಡೆದುಕೊಂಡು ದಾನುಗೆ ಹೊಸದಾಗಿ ಐದು ಕಡಲೆ ಕೊಟ್ಟರು. "ಈ ಸಲ ಲೋಟ ಸಾಲ್ಯಾಗ ಇರ್ಲಿ. ನಿಮ್ಮ ಮನ್ಯಾಗ ಮಳಿ ಭಾಳ ಅದ!"

ಐದೂ ಮೊಳೆತವು. ಗಂಟೆ ಸಿಕ್ಕಿತು! ಆ ದಿನ ನೋಡಿ ಬರಲು, ಹಾಗೆಯೇ ಅವಳನ್ನು ಕರೆತರಲು ನಾನೇ ಹೋದೆ. ನಮ್ಮ ದಾನು ತುದಿಗಾಲಲ್ಲಿ ನಿಂತು ಢಣ್ ಢಣ್ ಎಂದು ಬಾರಿಸಿದಾಗ ಇಡೀ ಶಾಲೆ ಬಿಟ್ಟಿತು! ನನಗೆ ಕಣ್ಣೀರು ನಿಲ್ಲಲಿಲ್ಲ. ಗೇಟಿನವನಿಗೆ ಹೇಳಿದೆ, ಪೇರಲ ಮಾರುವವಳಿಗೆ ಹೇಳಿದೆ, ತಿಕೋಟಾ ಬಸ್ಸು ಹತ್ತಿ ಪಕ್ಕದ ಹೆಣ್ಣುಮಗಳಿಗೂ ಹೇಳಿದೆ.

"ಎಲ್ಲಿದಾಳ್ರಿ, ಅಂಥಾ ಶಾಣ್ಯಾ ಮೊಮ್ಮಗಳು?" ಅಂದಳು.

ಯಪ್ಪಾ! ಬಸ್ಸು ಹೊರಡುವ ಮುನ್ನವೇ ಇಳಿದು ಓಡಿದೆ.

ದಾನು ಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಬೆನ್ನಿಗೆ ಚೀಲ, ಹೆಗಲಿಗೆ ಬಾಟಲಿ, ತೊಡೆಯ ಮೇಲೆ ನನ್ನ ಚಪ್ಪಲಿ!

"ಇವನ್ನೂ ಬಿಟ್ಟ ಹೋಗಿದ್ದಿ ಆಯಿ. ಕಾಯ್ಕೋತ ಕುಂತೇನಿ."

ಮನೆ ಮುಟ್ಟುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ನನ್ನ ಮೇಲೆ ನಂಬಿಕೆ ಇರಲಿಲ್ಲ!